ಕುತ್ತಿಗೆಯ ಗಂಟು, ಕೈಯಲ್ಲಿನ ರಿಪೋರ್ಟು

ಒಂದು ಫೈಲು ನಿಮ್ಮ ಮುಂದಿದೆ ಎಂದುಕೊಳ್ಳಿ. ಇದು ಯಾರೊಬ್ಬರದೂ ಅಲ್ಲ, ಸಾಮಾನ್ಯವಾಗಿ ಕಾಣಸಿಗುವ ಕಾಗದಗಳನ್ನು ನಾನೇ ಜೋಡಿಸಿದ್ದು. ಇಪ್ಪತ್ನಾಲ್ಕರ ಯುವತಿ. ಎರಡು ತಿಂಗಳಿಂದ ಕುತ್ತಿಗೆಯ ಬಲಬದಿಯಲ್ಲಿ ಗಂಟು, ನೋವಿಲ್ಲ. ಸಂಜೆಯಾದರೆ ಮೈ ಸಣ್ಣಗೆ ಕಾಯುತ್ತದೆ. ಇಎಸ್‌ಆರ್ 62. ಮಾಂಟೂ 18 ಮಿ.ಮೀ. ಸ್ಕ್ಯಾನಿಂಗ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಗ್ರಂಥಿಗಳು, ಅವುಗಳ ನಡುಭಾಗ ಸತ್ತು ಕರಗಿದೆ. ಸೂಜಿ ಪರೀಕ್ಷೆಯಲ್ಲಿ ‘ಗ್ರಾನ್ಯುಲೋಮ್ಯಾಟಸ್ ಲಿಂಫಡಿನೈಟಿಸ್’. ಅದರ ಕೆಳಗೇ ‘ಎಎಫ್‌ಬಿ ನೆಗೆಟಿವ್’. ಕೊನೆಯ ಕಾಗದ ಸಿಬಿನಾಟ್: ‘ಎಂಟಿಬಿ ನಾಟ್ ಡಿಟೆಕ್ಟೆಡ್’, ಎಂದರೆ ಟಿಬಿಯ ಕ್ರಿಮಿ ಸಿಗಲಿಲ್ಲ. ಇಷ್ಟಾದ ಮೇಲೂ ಡಾಕ್ಟರು ಆರು ತಿಂಗಳ ಟಿಬಿ ಮಾತ್ರೆ ಬರೆದಿದ್ದಾರೆ.

“ಟಿಬಿ ಇಲ್ಲ ಅಂತ ಎರಡೆರಡು ರಿಪೋರ್ಟ್ ಬಂದಿದೆ. ಮತ್ತೆ ಮಾತ್ರೆ ಯಾಕೆ?” ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ತಿರುಗುಮುರುಗಾದ ಫೈಲೂ ಉಂಟು: ಮಾಂಟೂ 18, ಇಎಸ್‌ಆರ್ ಏರಿದೆ, ಆದರೂ ಡಾಕ್ಟರು “ಇಷ್ಟರಿಂದ ಟಿಬಿ ಅನ್ನೋಕಾಗಲ್ಲ, ಗ್ರಂಥಿ ತೆಗೆದು ನೋಡೋಣ” ಎನ್ನುತ್ತಾರೆ. ಎರಡು ಕಡೆಯೂ ಡಾಕ್ಟರು ಹೇಳಿದ್ದು ಸರಿಯಿರಬಹುದು. ಅದು ಹೇಗೆಂದು ತಿಳಿಯಲು, ಗಂಟು ಏಳುವುದಾದರೂ ಯಾಕೆ ಎಂಬಲ್ಲಿಂದ ಹೊರಡಬೇಕು.

ಊತ ಯಾರ ಕೆಲಸ?

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಏಳುವುದನ್ನು ನೀವು ಕಂಡಿರಬಹುದು. ಹುಣ್ಣು ಪಾದದಲ್ಲಿ, ಊದಿದ್ದು ತೊಡೆಯ ಬುಡದಲ್ಲಿ. ಅಲ್ಲಿಗೆ ಯಾವ ಮುಳ್ಳೂ ತಾಗಿಲ್ಲ.

ರಕ್ತನಾಳಗಳಿಂದ ಒಸರಿ ಮೈಯೊಳಗೆ ಹರಡಿದ ನೀರು ಮತ್ತೆ ರಕ್ತಕ್ಕೆ ಸೇರಲು ಬೇರೆಯೇ ಒಂದು ನಾಳಗಳ ಜಾಲವಿದೆ. ಅದರಲ್ಲಿ ಹರಿಯುವುದು ದುಗ್ಧರಸ. ದಾರಿಯಲ್ಲಿ ಅಲ್ಲಲ್ಲಿ ಕಾಳಿನ ಗಾತ್ರದ ದುಗ್ಧಗ್ರಂಥಿಗಳು ಕೂತಿವೆ. ಡಾಕ್ಟರು ಲಿಂಫ್ ನೋಡ್ ಎನ್ನುವುದು ಇವನ್ನೇ. ಮೈಯಲ್ಲಿ ಒಟ್ಟು 500ರಿಂದ 700 ಇವೆ, ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ತಲೆ ಮತ್ತು ಕುತ್ತಿಗೆಯ ಭಾಗದಲ್ಲೇ ಇದೆ. ಮೂಗು, ಬಾಯಿ, ಗಂಟಲು, ಹಲ್ಲಿನ ಬುಡ, ನೆತ್ತಿಯ ಚರ್ಮ, ಇವೆಲ್ಲದರ ದುಗ್ಧರಸ ಇಳಿಯುವುದು ಇಲ್ಲಿಗೇ. ಮಕ್ಕಳ ಕುತ್ತಿಗೆಯಲ್ಲಿ ಬಟಾಣಿಯಷ್ಟು ಗಂಟುಗಳು ಬೆರಳಿಗೆ ಸಿಕ್ಕರೆ ಬಹುಪಾಲು ಅದು ಆರೋಗ್ಯದ ಮಾಮೂಲು ಸ್ಥಿತಿಯೇ.

ಹುಣ್ಣಾದ ಜಾಗದಲ್ಲಿ ಕಾವಲಿರುವ ಕೆಲವು ಕೋಶಗಳು ರೋಗಾಣುವಿನ ಚೂರನ್ನು ಹೊತ್ತು ದುಗ್ಧರಸದೊಂದಿಗೆ ಹತ್ತಿರದ ಗ್ರಂಥಿಗೆ ಬರುತ್ತವೆ. ಆ ಚೂರನ್ನು ಗುರುತಿಸಬಲ್ಲ ಲಿಂಫೋಸೈಟ್ (ಒಂದು ಬಗೆಯ ಬಿಳಿರಕ್ತಕಣ) ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಅದು ಸಿಗಬೇಕಾದರೆ ಗ್ರಂಥಿಯ ಮೂಲಕ ಆದಷ್ಟು ಹೆಚ್ಚು ಲಿಂಫೋಸೈಟ್‌ಗಳು ಹಾಯಬೇಕು. ಆದ್ದರಿಂದ ಗ್ರಂಥಿಗೆ ರಕ್ತದ ಹರಿವು ಏರುತ್ತದೆ, ಒಳಗೆ ಬರುವವು ಹೆಚ್ಚುತ್ತವೆ, ಹೊರಗೆ ಹೋಗುವ ದಾರಿ ಕೆಲಕಾಲ ಮುಚ್ಚಿಕೊಳ್ಳುತ್ತದೆ. ಗುರುತು ಹಿಡಿದ ಕೋಶ ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಾರಾಗುತ್ತದೆ. ಗ್ರಂಥಿಯ ಒಳಹಂದರವನ್ನು ಕಟ್ಟಿರುವ ಕೋಶಗಳು ಸಾಮಾನ್ಯ ದಿನಗಳಲ್ಲಿ ಬಿಗಿದುಕೊಂಡಿರುತ್ತವೆ. ಚೂರು ಹೊತ್ತು ತಂದ ಕೋಶಗಳು ತಾಗಿದಾಗ ಅವು ಬಿಗಿ ಸಡಿಲಿಸಿ ಜಾಗ ಮಾಡಿಕೊಡುತ್ತವೆ ಎಂಬುದನ್ನು 2014 ಮತ್ತು 2015ರಲ್ಲಿ ಪ್ರಕಟವಾದ ಸಂಶೋಧನೆಗಳು ಇಲಿಗಳಲ್ಲಿ ತೋರಿಸಿದವು. ಅಂದರೆ ಊದುವುದಕ್ಕೆ ಬೇಕಾದ ಏರ್ಪಾಡು ಗ್ರಂಥಿಯೊಳಗೇ ಇದೆ.

ಮನೆಯೊಂದಕ್ಕೆ ಹಾವು ಹೊಕ್ಕಿತೆಂದು ಕೂಗೆದ್ದರೆ ಓಣಿಯ ಜನವೆಲ್ಲ ಅಂಗಳದಲ್ಲಿ ಸೇರುತ್ತಾರೆ. ದೂರದಿಂದ ನೋಡುವವರಿಗೆ ಕಾಣುವುದು ಜನ. ಹಾವು ಗೇಣುದ್ದದ್ದಿರಬಹುದು, ಸೌದೆ ರಾಶಿಯಲ್ಲಿ ಅಡಗಿರಬಹುದು, ಆಗಲೇ ಹೊರಟುಹೋಗಿರಬಹುದು, ಹಾವೇ ಅಲ್ಲದೆಯೂ ಇರಬಹುದು. ಕುತ್ತಿಗೆಯ ಗಂಟೆಂದರೆ ಅಂಗಳದಲ್ಲಿ ಸೇರಿದ ಈ ಜನ. ಬೆರಳಿಗೆ ತಾಗುವ ಊತದ ಬಹುಭಾಗ ನಮ್ಮದೇ ಕೋಶಗಳದು, ರೋಗಾಣುವಿನ ಪಾಲು ಲೆಕ್ಕಕ್ಕೂ ಸಿಗದಷ್ಟು ಕಡಿಮೆ. ಹಾಗಾಗಿ ಯಾವ ರಿಪೋರ್ಟು ಕೈಗೆ ಬಂದರೂ ನಾವು ಮೊದಲು ಕೇಳಬೇಕಾದ್ದು ಇಷ್ಟು: ಈ ಪರೀಕ್ಷೆ ನೋಡಿದ್ದು ಜನರನ್ನೋ, ಹಾವನ್ನೋ?

ನೋವಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಗ್ರಂಥಿಯ ಹೊರಪೊರೆ ಎರಡೇ ದಿನದಲ್ಲಿ ಹಿಗ್ಗಿದರೆ ನೋಯುತ್ತದೆ, ವಾರಗಟ್ಟಲೆ ನಿಧಾನವಾಗಿ ಹಿಗ್ಗಿದರೆ ನೋಯುವುದಿಲ್ಲ. ಗಂಟಲುನೋವಿನ ಜೊತೆ ಬರುವ ಗಂಟು ಮುಟ್ಟಿದರೆ ಚುರ್ ಎನ್ನುವುದೂ, ಟಿಬಿಯ ಗಂಟು, ಕ್ಯಾನ್ಸರಿನ ಗಂಟು ಸುಮ್ಮನಿರುವುದೂ ಇದರಿಂದಲೇ. “ನೋವಿಲ್ಲವಲ್ಲ, ಬಿಡಿ” ಎಂದು ತಿಂಗಳುಗಟ್ಟಲೆ ತಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರಕ್ತ ಹೇಳುವುದು ಎಷ್ಟು?

ಎಲ್ಲರೂ ಮೊದಲು ಮಾಡಿಸುವುದು ರಕ್ತಪರೀಕ್ಷೆ. ಬಿಳಿರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಏರಿದ್ದರೆ ಕೀವು ಮಾಡುವ ಬ್ಯಾಕ್ಟೀರಿಯಾದ ಕಡೆಗೆ, ಲಿಂಫೋಸೈಟ್ ಏರಿ ಅವುಗಳ ರೂಪವೂ ಬದಲಾಗಿದ್ದರೆ ಕೆಲವು ವೈರಸ್‌ಗಳ ಕಡೆಗೆ ಬೆರಳು ತೋರುತ್ತದೆ. ಬಲಿಯದ ಕಣಗಳು ಕಂಡರೆ ರಕ್ತದ ಕ್ಯಾನ್ಸರಿನ ಪರೀಕ್ಷೆ ಕೂಡಲೇ ಆಗಬೇಕು. ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾ ಇರುವವರಲ್ಲೂ ಈ ರಿಪೋರ್ಟು ಪೂರ್ತಿ ನಾರ್ಮಲ್ ಬರುವುದುಂಟು.

ಇಎಸ್‌ಆರ್ ಬಗ್ಗೆ ನಮ್ಮಲ್ಲಿ ಅದರ ಯೋಗ್ಯತೆಗೆ ಮೀರಿದ ಭಯವಿದೆ. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿ.ಮೀ. ಕೆಳಗಿಳಿದವು ಎಂಬುದಷ್ಟೇ ಆ ಅಂಕಿ. ಮೈಯಲ್ಲಿ ಎಲ್ಲೇ ಉರಿಯೂತವಿದ್ದರೂ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಅದರಿಂದ ಕೆಂಪುಕಣಗಳು ಒಂದರ ಮೇಲೊಂದು ಅಂಟಿ ಭಾರವಾಗಿ ಬೇಗ ಇಳಿಯುತ್ತವೆ. ಹಲ್ಲಿನ ಕೀವಿಗೂ ಏರುತ್ತದೆ, ಸಂಧಿವಾತಕ್ಕೂ ಏರುತ್ತದೆ, ಬಸಿರಿನಲ್ಲೂ ವಯಸ್ಸಾದಂತೆಯೂ ಏರುತ್ತದೆ. ರಕ್ತಹೀನತೆಯಲ್ಲಿ ಉರಿಯೂತವಿಲ್ಲದೆಯೂ ಏರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಹೆಣ್ಣುಮಗಳೊಬ್ಬಳ ಇಎಸ್‌ಆರ್ 40 ಎಂದ ಮಾತ್ರಕ್ಕೆ ಟಿಬಿ ಎನ್ನುವುದು ಅನ್ಯಾಯ. ಊರಿನಲ್ಲಿ ಎಲ್ಲೋ ಗದ್ದಲವಿದೆ ಎಂದಷ್ಟೇ ಆ ಅಂಕಿ ಹೇಳುತ್ತದೆ, ಯಾವ ಓಣಿಯಲ್ಲಿ ಎಂದು ಹೇಳುವುದಿಲ್ಲ.

ಇನ್ನೊಂದು ರಕ್ತಪರೀಕ್ಷೆಯಿತ್ತು. ಟಿಬಿಯ ಕ್ರಿಮಿಯಾದ ಕ್ಷಯಾಣುವಿನ ವಿರುದ್ಧ ಪ್ರತಿಕಾಯಗಳಿವೆಯೇ ಎಂದು ನೋಡಿ ‘ಟಿಬಿ ಪಾಸಿಟಿವ್’ ಎಂದು ಬರೆದುಕೊಡುವುದು. ತಪ್ಪು ಉತ್ತರಗಳು ಎಷ್ಟಿದ್ದವೆಂದರೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅದನ್ನು ಬಳಸಬೇಡಿ ಎಂದು ಹೇಳಿತು, 2012ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ರಕ್ತ ಕೊಟ್ಟು ಟಿಬಿ ಇದೆಯೋ ಇಲ್ಲವೋ ತಿಳಿಯಬಹುದೆಂದು ಇವತ್ತಿಗೂ ಯಾರಾದರೂ ಹೇಳಿದರೆ ಈ ಸಂಗತಿ ನೆನಪಿರಲಿ.

ಸ್ಕ್ಯಾನಿಂಗ್: ಗಾತ್ರಕ್ಕಿಂತ ಆಕಾರ

ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಜನ ಹುಡುಕುವುದು ಸೆಂಟಿಮೀಟರ್. ಗ್ರಂಥಿಯ ಅಡ್ಡಳತೆ 1 ಸೆಂ.ಮೀ. ಒಳಗಿದ್ದರೆ ಸಾಮಾನ್ಯ. ದವಡೆಯ ಮೂಲೆಯ ಕೆಳಗಿನ ಗ್ರಂಥಿಗೆ ಮಾತ್ರ ಒಂದೂವರೆವರೆಗೂ ರಿಯಾಯಿತಿ, ಯಾಕೆಂದರೆ ಗಂಟಲಿನ ಪ್ರತಿ ಸೋಂಕಿಗೂ ಅದು ದುಡಿಯುತ್ತದೆ. ನನ್ನನ್ನು ಕೇಳಿದರೆ ಅಳತೆಗಿಂತ ಮೊದಲು ಓದಬೇಕಾದ ಸಾಲು ‘ಫ್ಯಾಟಿ ಹೈಲಮ್’. ರಕ್ತನಾಳ ಗ್ರಂಥಿಯೊಳಕ್ಕೆ ಹೊಗುವ ಕಡೆ ಕೊಬ್ಬಿನ ಬಿಳಿ ಗೀಟೊಂದು ಕಾಣುತ್ತದೆ. ಗ್ರಂಥಿ ಉದ್ದುದ್ದವಾಗಿದ್ದು ಆ ಗೀಟು ಉಳಿದಿದ್ದರೆ, ಒಳಗೆ ಕೋಶಗಳು ಹೆಚ್ಚಿದ್ದರೂ ಅವು ತಂತಮ್ಮ ಜಾಗದಲ್ಲೇ ಇವೆ ಎಂದರ್ಥ. ರಿಪೋರ್ಟು ‘ಲೈಕ್ಲಿ ರಿಯಾಕ್ಟಿವ್’ ಎನ್ನುವುದು ಇಂಥದ್ದಕ್ಕೆ. ಗ್ರಂಥಿ ಉರುಟಾಗಿ, ಗೀಟು ಅಳಿಸಿ, ರಕ್ತನಾಳಗಳು ಅಂಚಿನಿಂದ ನುಗ್ಗುತ್ತಿದ್ದರೆ ಒಳಗಿನ ವ್ಯವಸ್ಥೆ ಕೆಟ್ಟಿದೆ. ಗ್ರಂಥಿಗಳು ಒಂದಕ್ಕೊಂದು ಅಂಟಿ ನಡುವೆ ಸತ್ತ ಭಾಗವಿದ್ದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದ್ದು ಟಿಬಿ, ಹಳಬರು ಗಂಡಮಾಲೆ ಎಂದು ಕರೆಯುತ್ತಿದ್ದ ಕಾಯಿಲೆ.

ಗಂಟು ಇರುವ ಜಾಗವನ್ನು ‘ಲೆವೆಲ್’ ಎಂದು ರೋಮನ್ ಅಂಕಿಯಲ್ಲಿ ಬರೆದಿರುತ್ತಾರೆ. ದವಡೆಯ ಕೆಳಗಿನ ಒಂದು ಮತ್ತು ಎರಡನೇ ಲೆವೆಲ್ಲಿನ ಸಣ್ಣ ಗಂಟುಗಳಿಗೆ ಹೆಚ್ಚಾಗಿ ಹಲ್ಲು, ಗಂಟಲು ಕಾರಣ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಏಳುವ ಗಂಟು ಎಷ್ಟೇ ಸಣ್ಣದಿರಲಿ ಹಗುರವಾಗಿ ಕಾಣುವಂಥದ್ದಲ್ಲ, ಅಲ್ಲಿಗೆ ಎದೆ ಮತ್ತು ಹೊಟ್ಟೆಯ ದುಗ್ಧರಸವೂ ಬಂದು ಸೇರುತ್ತದೆ.

ಮಾಂಟೂ: ಹಳೆಯ ನೆನಪು

1908ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮಾಂಟೂ ರೂಪಿಸಿದ ಪರೀಕ್ಷೆಯಿದು. ಕ್ಷಯಾಣುವಿನ ಪ್ರೋಟೀನನ್ನು ಚರ್ಮದೊಳಗೆ ಚುಚ್ಚಿ 48ರಿಂದ 72 ಗಂಟೆಯೊಳಗೆ ನೋಡಬೇಕು. ಅಳೆಯಬೇಕಾದ್ದು ಕೆಂಪನ್ನಲ್ಲ, ಬೆರಳಿಗೆ ಗಟ್ಟಿಯಾಗಿ ತಾಗುವ ಭಾಗವನ್ನು. ಹತ್ತು ಮಿ.ಮೀ. ದಾಟಿದರೆ ಪಾಸಿಟಿವ್.

ಆ ಪಾಸಿಟಿವ್‌ನ ಅರ್ಥ ಇಷ್ಟೇ: ಈ ದೇಹ ಹಿಂದೆ ಯಾವಾಗಲೋ ಕ್ಷಯಾಣುವನ್ನು ಕಂಡಿದೆ, ಮರೆತಿಲ್ಲ. ಭಾರತದಲ್ಲಿ 2019–21ರಲ್ಲಿ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದವರಲ್ಲಿ ಹತ್ತರಲ್ಲಿ ಮೂವರಿಗೆ ಸೋಂಕು ತಗುಲಿರುತ್ತದೆ. ಅವರಲ್ಲಿ ಬಹುಪಾಲು ಜನಕ್ಕೆ ಜೀವಮಾನವಿಡೀ ಕಾಯಿಲೆ ಬರುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲೇ ತುಮಕೂರು ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಈ ಚುಚ್ಚುಮದ್ದಿನ ಪರೀಕ್ಷೆ ಮಾಡಿತ್ತು. ತೋಳು ಊದಿದವರು ಬಹಳ ಮಂದಿ, ಕಫದಲ್ಲಿ ಕ್ಷಯಾಣು ಸಿಕ್ಕವರು ಸಾವಿರಕ್ಕೆ ಬೆರಳೆಣಿಕೆಯಷ್ಟು. ಸೋಂಕು ತಗುಲಿದವರಿಗೂ ಕಾಯಿಲೆ ಬಿದ್ದವರಿಗೂ ಇರುವ ಅಂತರ ನಮ್ಮದೇ ನೆಲದಲ್ಲಿ ಹೀಗೆ ಲೆಕ್ಕಕ್ಕೆ ಸಿಕ್ಕಿತ್ತು. ಮಾಂಟೂ ಒಂದನ್ನೇ ನೋಡಿ ಆರು ತಿಂಗಳ ಮಾತ್ರೆ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ.

ನೆಗೆಟಿವ್ ಬಂದರೂ ನೆಮ್ಮದಿಯಿಲ್ಲ. ತೀರಾ ಸೊರಗಿದವರಲ್ಲಿ, ಎಚ್‌ಐವಿ ಇರುವವರಲ್ಲಿ, ದಡಾರ ಬಂದು ಹೋದ ಮಕ್ಕಳಲ್ಲಿ ದೇಹಕ್ಕೆ ನೆನಪಿದ್ದರೂ ತೋಳು ಊದಿಸುವ ಶಕ್ತಿ ಇರುವುದಿಲ್ಲ.

ಕ್ರಿಮಿ ಸಿಗದ ಟಿಬಿ

ಈಗ ಫೈಲಿನ ಗಟ್ಟಿ ಒಗಟಿಗೆ ಬರೋಣ. ಗ್ರಾನ್ಯುಲೋಮಾ ಇದೆ, ಕ್ರಿಮಿ ಇಲ್ಲ.

ಕ್ಷಯಾಣು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿನ ನುಂಗುಕೋಶಗಳು ಅದನ್ನು ನುಂಗುತ್ತವೆ, ಆದರೆ ಅರಗಿಸಲಾರವು. ಕೆಲವು ಕ್ರಿಮಿಗಳು ಅವುಗಳ ಹೊಟ್ಟೆಯಲ್ಲೇ ಕೂತು ದುಗ್ಧರಸದಲ್ಲೋ ರಕ್ತದಲ್ಲೋ ಸಾಗಿ ಕುತ್ತಿಗೆಯ ಗ್ರಂಥಿಗೂ ಬರುತ್ತವೆ. ಕೊಲ್ಲಲಾಗದ ಶತ್ರುವನ್ನು ದೇಹ ಸುತ್ತುಗಟ್ಟುತ್ತದೆ. ನುಂಗುಕೋಶಗಳು ಉದ್ದುದ್ದವಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೆಲವು ಕೂಡಿ ಒಂದೇ ದೊಡ್ಡ ಕೋಶವಾಗಿ, ಅದರ ಅಂಚಿನಲ್ಲಿ ಕೋಶಕೇಂದ್ರಗಳು ಲಾಳದ ಆಕಾರದಲ್ಲಿ ಸಾಲುಗಟ್ಟುತ್ತವೆ. ಜರ್ಮನಿಯ ಥಿಯೋಡೋರ್ ಲಾಂಗ್‌ಹಾನ್ಸ್ 1868ರಲ್ಲಿ ಇದನ್ನು ವರ್ಣಿಸಿದ. ಆಗಿನ್ನೂ ಕ್ಷಯಾಣು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಾಬರ್ಟ್ ಕಾಕ್ ಅದನ್ನು ಜಗತ್ತಿಗೆ ಸಾರಿದ್ದು 1882ರ ಮಾರ್ಚ್ 24ರಂದು. ದೇಹದ ಪ್ರತಿಕ್ರಿಯೆ ಸೂಕ್ಷ್ಮದರ್ಶಕಕ್ಕೆ ಸಿಕ್ಕು ಹದಿನಾಲ್ಕು ವರ್ಷಗಳ ಮೇಲೆ ರೋಗಾಣು ಸಿಕ್ಕಿತು. ಇವತ್ತಿನ ರಿಪೋರ್ಟುಗಳಲ್ಲೂ ಆಗುತ್ತಿರುವುದು ಇದೇ.

ಈ ಸುತ್ತುಗಟ್ಟಿದ ಗುಂಪಿಗೆ ಗ್ರಾನ್ಯುಲೋಮಾ ಎನ್ನುತ್ತಾರೆ. ನಾನು ಮುತ್ತಿಗೆಗಂಟು ಎನ್ನುತ್ತೇನೆ. ಅದರ ನಡುಭಾಗ ಸತ್ತು ಬೆಳ್ಳಗೆ ಪುಡಿಪುಡಿಯಾಗುತ್ತದೆ, ಅಲ್ಲಿ ಆಮ್ಲಜನಕವೂ ಕಡಿಮೆ. ಒಳಗೆ ಸಿಕ್ಕಿಬಿದ್ದ ಕ್ಷಯಾಣುಗಳು ಬೆರಳೆಣಿಕೆಯಷ್ಟಾಗಿ, ಬೆಳೆಯದೆ, ಕುಂಟುತ್ತ ಇರುತ್ತವೆ. ಮುತ್ತಿಗೆ ಬಲವಾಗಿದ್ದಷ್ಟೂ ಗಂಟು ದೊಡ್ಡದು, ಕ್ರಿಮಿ ಕಡಿಮೆ.

ಇನ್ನು ಪರೀಕ್ಷೆಗಳ ಶಕ್ತಿಯನ್ನು ನೋಡಿ. ಎಎಫ್‌ಬಿ ಎಂದರೆ ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಹುಡುಕುವುದು. ಒಂದು ಮಿಲಿಲೀಟರಿನಲ್ಲಿ 5,000ದಿಂದ 10,000 ಕ್ಷಯಾಣುಗಳಿದ್ದರೆ ಮಾತ್ರ ಒಂದಾದರೂ ಕಣ್ಣಿಗೆ ಬೀಳುವ ಭರವಸೆ. ಸಿಬಿನಾಟ್ ಕ್ರಿಮಿಯ ಡಿಎನ್‌ಎಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ನೋಡುವುದರಿಂದ ಅದಕ್ಕೆ ನೂರಿಪ್ಪತ್ತರ ಆಸುಪಾಸು ಸಾಕು. ಅದರ ಹೊಸ ಆವೃತ್ತಿ ‘ಅಲ್ಟ್ರಾ’ಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಉತ್ತರ ಎರಡೇ ಗಂಟೆಯಲ್ಲಿ ಸಿಗುತ್ತದೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಗೋವಾದಲ್ಲಿ ತಯಾರಾಗುವ ಟ್ರೂನಾಟ್ ಕೂಡ ಇದೇ ಜಾತಿಯದು. ಆದರೆ ಸಣ್ಣ ಸೂಜಿಯಲ್ಲಿ ಗಂಟಿನಿಂದ ಸಿಗುವುದು ಕೆಲವೇ ಹನಿ. ಆ ಹನಿಯಲ್ಲಿ ನಮ್ಮ ಕೋಶಗಳು ಸಾವಿರಾರು ಇರುತ್ತವೆ, ಆದ್ದರಿಂದ ಗ್ರಾನ್ಯುಲೋಮಾ ಸುಲಭವಾಗಿ ಕಾಣುತ್ತದೆ. ಕ್ಷಯಾಣು ಆ ಹನಿಯೊಳಗೆ ಬಂದಿರಲೇಬೇಕೆಂದಿಲ್ಲ. ಅಂಗಳದಿಂದ ನಾಲ್ಕು ಜನರನ್ನು ಹೊರಗೆ ಕರೆದರೆ ಅವರ ಜೊತೆ ಹಾವೂ ಬರುತ್ತದೆಯೇ?

ಹಾಗೆಂದು ಗ್ರಾನ್ಯುಲೋಮಾ ಕಂಡದ್ದೆಲ್ಲ ಟಿಬಿಯೂ ಅಲ್ಲ. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ, ಕೆಲವು ಶಿಲೀಂಧ್ರಗಳು, ಬೆಕ್ಕು ಪರಚಿದಾಗ ಹೊಗುವ ಬ್ಯಾಕ್ಟೀರಿಯಾ, ಕ್ಷಯಾಣುವಿನದೇ ಕುಲದ ಬೇರೆ ಕ್ರಿಮಿಗಳು, ಇವೂ ಇಂಥ ಮುತ್ತಿಗೆಯನ್ನು ಹಾಕಿಸುತ್ತವೆ. ಕ್ಯಾನ್ಸರಿನ ಪಕ್ಕದ ಗ್ರಂಥಿಯಲ್ಲೂ ಕೆಲವೊಮ್ಮೆ ಕಾಣುತ್ತದೆ. ಭಾರತದಲ್ಲಿ ಟಿಬಿಯ ಸುಮಾರು ಐದನೇ ಒಂದು ಪಾಲು ಶ್ವಾಸಕೋಶದ ಹೊರಗಿನದು, ಅದರಲ್ಲಿ ಗ್ರಂಥಿಯ ಟಿಬಿಯೇ ಮುಂಚೂಣಿಯಲ್ಲಿದೆ. ಇಲ್ಲಿನ ಡಾಕ್ಟರು ಗ್ರಾನ್ಯುಲೋಮಾ ಕಂಡೊಡನೆ ಟಿಬಿಯ ಕಡೆ ವಾಲುವುದಕ್ಕೆ ಇದೇ ಆಧಾರ.

ಒಂದೇ ನೆಗೆಟಿವ್, ಎರಡು ಅರ್ಥ

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಪರೀಕ್ಷೆ ಗ್ರಂಥಿಯ ಟಿಬಿ ಇರುವ 100 ಜನರಲ್ಲಿ 80 ಜನರನ್ನು ಹಿಡಿಯುತ್ತದೆ, ಟಿಬಿ ಇಲ್ಲದವರನ್ನು ತಪ್ಪಾಗಿ ಹಿಡಿಯುವುದೇ ಇಲ್ಲ ಎಂದುಕೊಳ್ಳೋಣ.

ಗಂಟಲುನೋವಿನ ಜೊತೆ ವಾರದ ಹಿಂದೆ ಗಂಟು ಎದ್ದ 100 ಜನ ಬಂದರು. ಅವರಲ್ಲಿ 5 ಜನಕ್ಕೆ ಮಾತ್ರ ಟಿಬಿ ಇದೆ. ಪರೀಕ್ಷೆ 4 ಜನರನ್ನು ಹಿಡಿಯಿತು. ನೆಗೆಟಿವ್ ಎಂದು ಮನೆಗೆ ಹೋದ 96 ಜನರಲ್ಲಿ ಟಿಬಿ ಇರುವವರು ಒಬ್ಬರೇ.

ಮತ್ತೊಂದು ಸಾಲಿನಲ್ಲಿ ಎರಡು ತಿಂಗಳ ಗಂಟು, ಸಂಜೆ ಜ್ವರ, ಅಂಟಿಕೊಂಡ ಗ್ರಂಥಿ, ಗ್ರಾನ್ಯುಲೋಮಾ ಇರುವ 100 ಜನ. ಇವರಲ್ಲಿ 90 ಜನಕ್ಕೆ ಟಿಬಿ ಇದೆಯೆನ್ನಿ. ಪರೀಕ್ಷೆ 72 ಜನರನ್ನು ಹಿಡಿಯಿತು. ನೆಗೆಟಿವ್ ಕಾಗದ ಹಿಡಿದ 28 ಜನರಲ್ಲಿ 18 ಜನಕ್ಕೆ ಟಿಬಿ ಇದೆ, ಅರ್ಧಕ್ಕಿಂತ ಹೆಚ್ಚು.

ಯಂತ್ರವೂ ಅದೇ, ಕಾಗದದ ಮೇಲಿನ ಮಾತೂ ಅದೇ. ಮೊದಲ ಗುಂಪಿಗೆ ಅದು ನಂಬಬಹುದಾದ ಸಮಾಧಾನ, ಎರಡನೆಯ ಗುಂಪಿಗೆ ಸಮಾಧಾನವೇ ಅಲ್ಲ. ನಾವು ಮೇಲೆ ನೋಡಿದ ಯುವತಿ ಎರಡನೆಯ ಸಾಲಿನವಳು, ಮಾತ್ರೆ ಬರೆದದ್ದು ಅದಕ್ಕೇ. ಮಾಂಟೂ, ಇಎಸ್‌ಆರ್ ಬಿಟ್ಟು ಕೈಯಲ್ಲಿ ಬೇರೇನೂ ಇಲ್ಲದ ಆ ಇನ್ನೊಂದು ಫೈಲಿನವರ ಗಂಟಿನೊಳಗೆ ಏನಿದೆಯೆಂದು ಯಾರೂ ನೋಡಿಯೇ ಇಲ್ಲ, ಆದ್ದರಿಂದ ಡಾಕ್ಟರು ನೋಡೋಣ ಎಂದರು. ವಯಸ್ಸು, ಗಂಟು ಎದ್ದು ಎಷ್ಟು ದಿನವಾಯಿತು, ಜ್ವರ, ಬೆವರು, ತೂಕ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಡಾಕ್ಟರು ಕೇಳುವಾಗ ಪೂರ್ತಿ ಹೇಳಿ. ರಿಪೋರ್ಟಿನ ಅರ್ಧ ಅರ್ಥ ಆ ಉತ್ತರಗಳಲ್ಲಿರುತ್ತದೆ.

ಇಡೀ ಗ್ರಂಥಿ ತೆಗೆಯುವುದು ಯಾವಾಗ

ಸೂಜಿ ಪರೀಕ್ಷೆ, ಎಂದರೆ ಎಫ್‌ಎನ್‌ಎಸಿ, ಒಳ್ಳೆಯ ಪರೀಕ್ಷೆ. ಅಲ್ಲಿಗೆ ಸೇರದ ಕೋಶಗಳು ಬಂದು ಕೂತಿದ್ದರೆ ಅದು ಚೆನ್ನಾಗಿ ಹಿಡಿಯುತ್ತದೆ. ನಲವತ್ತು ದಾಟಿದ, ತಂಬಾಕು ಹಾಕುವ ಅಥವಾ ಬೀಡಿ ಸೇದುವ ವ್ಯಕ್ತಿಯ ಕುತ್ತಿಗೆಯಲ್ಲಿ ಗಟ್ಟಿ ಗಂಟು ಎದ್ದರೆ ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರು ಅಲ್ಲಿಗೆ ಇಳಿದಿದೆಯೇ ಎಂದು ನೋಡಬೇಕು. ಅದಕ್ಕೆ ಸೂಜಿಯೇ ಸರಿ, ಜೊತೆಗೆ ಇಎನ್‌ಟಿ ಡಾಕ್ಟರು ದುರ್ಬೀನು ಹಾಕಿ ಗಂಟಲೊಳಗೆ ನೋಡಬೇಕು. ಮೂಲ ಹುಡುಕದೆ ನೇರ ಗಂಟನ್ನು ಕೊಯ್ಯುವುದು ಇಂಥ ಕಡೆ ಒಳ್ಳೆಯದಲ್ಲ.

ಲಿಂಫೋಮಾ ಬೇರೆ ಥರ. ಇಲ್ಲಿ ಕ್ಯಾನ್ಸರಾಗುವುದು ಗ್ರಂಥಿಯ ಸ್ವಂತ ಕೋಶಗಳೇ. ಹಾಡ್ಜ್‌ಕಿನ್ ಲಿಂಫೋಮಾದಲ್ಲಂತೂ ನಿಜವಾದ ಕ್ಯಾನ್ಸರ್ ಕೋಶಗಳು ಗಂಟಿನಲ್ಲಿ ನೂರಕ್ಕೆ ಒಂದೆರಡು, ಕೆಲವೊಮ್ಮೆ ಅದಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಅವನ್ನು ಸುತ್ತುವರಿದ ನಮ್ಮ ಸಾಧಾರಣ ಕೋಶಗಳು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಈ ದೊಡ್ಡ ಕೋಶಗಳನ್ನು ವರ್ಣಿಸಿದರೂ ಇದು ಟಿಬಿಯದೇ ಒಂದು ವಿಚಿತ್ರ ರೂಪ ಎಂದುಕೊಂಡ, ಅವನ ರೋಗಿಗಳಲ್ಲಿ ಅನೇಕರಿಗೆ ಟಿಬಿಯೂ ಇತ್ತು. 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಡೊರೊಥಿ ರೀಡ್ ಎಂಬ ತರುಣ ವೈದ್ಯೆ ಇದು ಬೇರೆಯೇ ಕಾಯಿಲೆಯೆಂದು ತೋರಿಸಿದಳು. ಆ ಕೋಶಕ್ಕೆ ಇಬ್ಬರ ಹೆಸರೂ ಉಳಿದಿದೆ. ಟಿಬಿ ಮತ್ತು ಲಿಂಫೋಮಾಗಳನ್ನು ಒಂದಕ್ಕೊಂದು ಅದಲುಬದಲು ಮಾಡಿಕೊಳ್ಳುವ ಅಪಾಯ ಅಷ್ಟು ಹಳೆಯದು, ಇನ್ನೂ ಹೋಗಿಲ್ಲ.

ನೂರಕ್ಕೊಂದು ಇರುವ ಕೋಶ ಸೂಜಿಗೆ ಸಿಗದೆ ಹೋದರೆ ರಿಪೋರ್ಟಿನಲ್ಲಿ ಬರುವುದು ‘ರಿಯಾಕ್ಟಿವ್ ಹೈಪರ್‌ಪ್ಲೇಸಿಯಾ’. ಅದನ್ನು ‘ಏನೂ ಇಲ್ಲ’ ಎಂದು ಓದಿಕೊಳ್ಳುವವರು ಬಹಳ. ಸೂಜಿಗೆ ಬಂದಷ್ಟರಲ್ಲಿ ಅನುಮಾನ ಪಡುವಂಥದ್ದು ಕಾಣಲಿಲ್ಲ ಎಂಬುದಷ್ಟೇ ಅದರ ಅರ್ಥ. ನಾಲ್ಕು ವಾರವಾದರೂ ಗಂಟು ಇಳಿಯದೆ ಬೆಳೆಯುತ್ತಿದ್ದರೆ, 2 ಸೆಂ.ಮೀ. ದಾಟಿದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಪಾಲು ಇಳಿದಿದ್ದರೆ ‘ರಿಯಾಕ್ಟಿವ್’ ಎಂಬ ಕಾಗದವನ್ನು ನೆಚ್ಚಿ ಕೂರಬೇಡಿ, ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ. ಇಡೀ ಗ್ರಂಥಿ ತೆಗೆದಾಗ ಕೋಶಗಳ ಜೊತೆ ಅವುಗಳ ಜೋಡಣೆಯೂ ಕಾಣುತ್ತದೆ. ಲಿಂಫೋಮಾ ತೀರ್ಮಾನವಾಗುವುದು ಅದರಿಂದ.

ಬಯಾಪ್ಸಿಯ ದಿನ ಒಂದು ಸಣ್ಣ ಮಾತನ್ನು ಕೇಳಿ ಬನ್ನಿ. ತೆಗೆದ ಗ್ರಂಥಿಯನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ ಅದರಲ್ಲಿರುವ ಕ್ರಿಮಿಗಳು ಸಾಯುತ್ತವೆ. ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಆಗುವುದೇ ಇಲ್ಲ, ಡಿಎನ್‌ಎ ಪರೀಕ್ಷೆಯ ಬಲವೂ ಕುಗ್ಗುತ್ತದೆ. ಒಂದು ತುಂಡು ಫಾರ್ಮಲಿನ್‌ನಲ್ಲಿ, ಇನ್ನೊಂದು ತುಂಡು ಸಲೈನ್‌ನಲ್ಲಿ ಹೋಗಬೇಕು. “ಟಿಬಿ ಕಲ್ಚರ್‌ಗೆ, ಸಿಬಿನಾಟ್‌ಗೆ ಬೇರೆ ತುಂಡು ಇಡ್ತೀರಾ ಡಾಕ್ಟ್ರೇ?” ಎಂದು ಆಪರೇಷನ್‌ಗೆ ಮುಂಚೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದೆ ಹೋಗಿ ಎರಡನೇ ಸಲ ಕೊಯ್ಯಿಸಿಕೊಳ್ಳುವುದು ಬಹಳ ಕಷ್ಟ. ಹಾಗೆಯೇ ಬಯಾಪ್ಸಿಗೆ ಮುಂಚೆ ಊತ ಇಳಿಯಲೆಂದು ಯಾರಾದರೂ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಲಿಂಫೋಮಾದ ಕೋಶಗಳು ಸ್ಟಿರಾಯ್ಡ್‌ಗೆ ಕರಗುತ್ತವೆ, ಗಂಟು ಸಣ್ಣದಾಗುತ್ತದೆ, ಬಯಾಪ್ಸಿಯಲ್ಲಿ ಉತ್ತರ ಸಿಗದೆ ಹೋಗುತ್ತದೆ.

“ಟಿಬಿ ಮಾತ್ರೆ ಕೊಟ್ಟು ನೋಡೋಣ, ಇಳಿದರೆ ಟಿಬಿ” ಎಂಬ ದಾರಿ ನನಗೆ ಒಪ್ಪಿಗೆಯಿಲ್ಲದ್ದು. ಗಂಟುಗಳು ತಾವಾಗಿಯೂ ಇಳಿಯುತ್ತವೆ. ಇಂಗ್ಲೆಂಡಿನಲ್ಲಿ ರಾಜರು ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆಂದು ಶತಮಾನಗಳ ಕಾಲ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಮುಂದೆ ನಿಘಂಟುಕಾರನಾಗಿ ಹೆಸರಾದ ಸ್ಯಾಮ್ಯುಯಲ್ ಜಾನ್ಸನ್‌ನನ್ನು 1712ರಲ್ಲಿ, ಎರಡೂವರೆ ವರ್ಷದ ಕೂಸಾಗಿದ್ದಾಗ, ರಾಣಿ ಆ್ಯನ್ ಮುಟ್ಟಿದ್ದಳು. ಅವನಿಗೆ ಗುಣವಾಗಲಿಲ್ಲ. ಗುಣವಾದವರೂ ಇದ್ದರು, ಅವರ ಮಾತು ಊರೆಲ್ಲ ಹಬ್ಬಿತು. ಈಗಿನ ಉದಾಹರಣೆ ಕಿಕುಚಿ ಕಾಯಿಲೆ. 1972ರಲ್ಲಿ ಜಪಾನಿನಲ್ಲಿ ಕಿಕುಚಿ ಮತ್ತು ಫುಜಿಮೊಟೊ ಬೇರೆ ಬೇರೆಯಾಗಿ ಇದನ್ನು ವರ್ಣಿಸಿದರು. ಹೆಚ್ಚಾಗಿ ಏಷ್ಯಾದ ಯುವತಿಯರಲ್ಲಿ ಕುತ್ತಿಗೆಯ ಹಿಂಬದಿ ಗಂಟು, ಜ್ವರ, ಬಿಳಿರಕ್ತಕಣಗಳ ಇಳಿಕೆ. ಗ್ರಂಥಿಯೊಳಗೆ ಕೋಶಗಳು ಸತ್ತು ಬಿದ್ದಿರುತ್ತವೆ, ಕಾರಣವಾದ ಕ್ರಿಮಿ ಯಾವುದೆಂದು ಸಿಕ್ಕಿಲ್ಲ. ಒಂದರಿಂದ ನಾಲ್ಕು ತಿಂಗಳಲ್ಲಿ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಇಂಥವರಿಗೆ ಟಿಬಿ ಮಾತ್ರೆ ಕೊಟ್ಟರೆ ಗಂಟು ಇಳಿದದ್ದು ಮಾತ್ರೆಯಿಂದಲೇ ಎಂದು ಎಲ್ಲರೂ ನಂಬುತ್ತಾರೆ.

ಮಾತ್ರೆ ನುಂಗುತ್ತಿದ್ದರೂ ಗಂಟು ಬೆಳೆದರೆ

ಸರಿಯಾಗಿ ಟಿಬಿ ಎಂದು ತಿಳಿದು, ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗುತ್ತಿರುವಾಗಲೇ ಎರಡನೇ ತಿಂಗಳಲ್ಲೋ ಮೂರನೇ ತಿಂಗಳಲ್ಲೋ ಗಂಟು ದೊಡ್ಡದಾಗಬಹುದು. ಪಕ್ಕದಲ್ಲಿ ಹೊಸದು ಏಳಬಹುದು, ಒಡೆದು ಸೋರಲೂಬಹುದು. ಗ್ರಂಥಿಯ ಟಿಬಿಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಔಷಧಿಯಿಂದ ಸತ್ತ ಕ್ಷಯಾಣುಗಳು ಒಡೆದು ಅವುಗಳ ಚೂರುಗಳು ಹೊರಬಿದ್ದಾಗ, ಚೇತರಿಸಿಕೊಂಡ ದೇಹ ಮೊದಲಿಗಿಂತ ಜೋರಾಗಿ ಅವುಗಳ ಮೇಲೆ ಎರಗುತ್ತದೆ. ಕ್ರಿಮಿ ಕಡಿಮೆಯಾಗುತ್ತಿರುವಾಗಲೇ ಊತ ಏರುವುದು ಹೀಗೆ. ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಬಿಟ್ಟುಬಿಡುವವರು ಹೆಚ್ಚಾಗಿ ಈ ಘಟ್ಟದಲ್ಲೇ ಬಿಡುತ್ತಾರೆ. ಬಿಡದೆ ಡಾಕ್ಟರಿಗೆ ತೋರಿಸಿ. ಇದು ಆ ಪ್ರತಿಕ್ರಿಯೆಯೋ, ಔಷಧಿಗೆ ಬಗ್ಗದ ಕ್ರಿಮಿಯೋ, ಮೊದಲೇ ತಪ್ಪಿದ ರೋಗನಿರ್ಣಯವೋ ಎಂದು ಅವರು ಬೇರ್ಪಡಿಸಬೇಕು.

ಆರು ತಿಂಗಳು ಮುಗಿದ ಮೇಲೂ ಸಣ್ಣ ಗಂಟು ಉಳಿಯುವುದು ಸಾಮಾನ್ಯ. ಅನೇಕ ವೇಳೆ ಅದರಲ್ಲಿರುವುದು ಗಾಯದ ಕಲೆಯಂಥ ನಾರು. ಆ ಗಂಟು ಬೆಳೆಯದಿದ್ದರೆ ಮಾತ್ರೆ ಮುಂದುವರಿಸುವ ಅಗತ್ಯ ಬರುವುದಿಲ್ಲ. ಬೆಳೆದರೆ, ಅಥವಾ ತಿಂಗಳುಗಳ ನಂತರ ಹೊಸದೊಂದು ಎದ್ದರೆ, ಮತ್ತೆ ಸೂಜಿ ಹಾಕಬೇಕು. ಆಗ ಬರುವ ಸಿಬಿನಾಟ್ ಪಾಸಿಟಿವ್‌ಗೆ ಮೊದಲ ಸಲದ ಪಾಸಿಟಿವ್‌ನಷ್ಟು ತೂಕವಿಲ್ಲ. ಆ ಪರೀಕ್ಷೆ ಡಿಎನ್‌ಎಯನ್ನು ಹುಡುಕುತ್ತದೆ, ಸತ್ತ ಕ್ಷಯಾಣುವಿನ ಡಿಎನ್‌ಎಯೂ ಗ್ರಂಥಿಯಲ್ಲಿ ಬಹುಕಾಲ ಉಳಿದಿರುತ್ತದೆ. ಕ್ರಿಮಿ ಜೀವಂತವಾಗಿದೆಯೇ ಎಂದು ಹೇಳಬಲ್ಲದ್ದು ಕಲ್ಚರ್ ಮಾತ್ರ. ಕ್ಷಯಾಣು ಒಮ್ಮೆ ಒಡೆದು ಎರಡಾಗಲು ಹದಿನೈದು ಇಪ್ಪತ್ತು ಗಂಟೆ ಬೇಕು. ಆದ್ದರಿಂದ ದ್ರವ ಮಾಧ್ಯಮದಲ್ಲಿ ಕಲ್ಚರ್ ನೆಗೆಟಿವ್ ಎನ್ನುವ ಮೊದಲು 42 ದಿನ ಕಾಯುತ್ತಾರೆ. ಕ್ರಿಮಿ ಬೆಳೆದರೆ ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಅದರ ಮೇಲೆಯೇ ಪರೀಕ್ಷಿಸಿ ಮುಂದಿನ ಮಾತ್ರೆ ಗೊತ್ತುಮಾಡುತ್ತಾರೆ.